ಗಿಟ್ ಇತಿಹಾಸದಲ್ಲಿ ಹುಡುಕಾಟ: ಉತ್ತರ ಖಾಲಿ ಬಂದಾಗ ಎಲ್ಲೆಲ್ಲಿ ನೋಡಬೇಕು

ಹೋದ ತಿಂಗಳು ಇದ್ದ ಫಂಕ್ಷನ್ ಈಗ ಕೋಡಿನಲ್ಲಿಲ್ಲ. ಯಾವ ಕಮಿಟ್‌ನಲ್ಲಿ (ಕೋಡಿನ ಇತಿಹಾಸ ಇಡುವ ಗಿಟ್‌ನಲ್ಲಿ ದಾಖಲಾದ ಒಂದೊಂದು ಬದಲಾವಣೆ) ಹೋಯಿತು, ಯಾಕೆ ಹೋಯಿತು? `ಗಿಟ್ ಗ್ರೆಪ್` ಓಡಿಸಿದರೆ ಏನೂ ಸಿಗುವುದಿಲ್ಲ. ಕಮಿಟ್ ಹೆಸರು ಕೊಡದಿದ್ದರೆ ಅದು ಈಗ ಡಿಸ್ಕ್‌ನಲ್ಲಿರುವ ಫೈಲುಗಳನ್ನಷ್ಟೇ ನೋಡುತ್ತದೆ. ಇತಿಹಾಸ ಕೆದಕುವುದು `ಗಿಟ್ ಲಾಗ್`ನ ಕೆಲಸ. (ಕಮಾಂಡ್‌ಗಳನ್ನು ಇಲ್ಲಿ ಓದುವ ಹಾಗೆ ಕನ್ನಡದಲ್ಲಿ ಬರೆದಿದೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.)

ಹುಡುಕುತ್ತಿರುವುದು ಕಮಿಟ್ ಸಂದೇಶದಲ್ಲೋ ಕೋಡಿನಲ್ಲೋ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಿ. ಸಂದೇಶಕ್ಕಾದರೆ `ಗಿಟ್ ಲಾಗ್ -ಐ --ಗ್ರೆಪ್='ಲಾಗಿನ್'`. ಇಲ್ಲಿ `-ಐ` ದೊಡ್ಡಕ್ಷರ, ಸಣ್ಣಕ್ಷರಗಳ ವ್ಯತ್ಯಾಸ ನೋಡುವುದಿಲ್ಲ. ಎರಡು `--ಗ್ರೆಪ್` ಕೊಟ್ಟರೆ ಯಾವುದಾದರೂ ಒಂದು ಹೊಂದಿದರೂ ಕಮಿಟ್ ಬರುತ್ತದೆ. ಎರಡೂ ಇರಲೇಬೇಕೆಂದರೆ `--ಆಲ್-ಮ್ಯಾಚ್` ಸೇರಿಸಿ. ಸಂದೇಶಗಳನ್ನು ಕಾಟಾಚಾರಕ್ಕೆ ಬರೆದ ರೆಪೊದಲ್ಲಿ (ಕೋಡು, ಅದರ ಇತಿಹಾಸ ಎರಡೂ ಇರುವ ಸಂಗ್ರಹ) ಇದನ್ನು ನೆಚ್ಚಿ ಕೂರಬೇಡಿ.

ಕೋಡಿನಲ್ಲಿ ಹುಡುಕಲು `ಗಿಟ್ ಲಾಗ್`ಗೆ ಎರಡು ಆಯ್ಕೆಗಳಿವೆ, ಎರಡೂ ದೊಡ್ಡಕ್ಷರ: `-ಎಸ್` ಮತ್ತು `-ಜಿ`. ಹೆಚ್ಚಿನವರು ಎಡವುವುದು ಇಲ್ಲೇ. `-ಎಸ್` ಎಣಿಕೆ ಮಾಡುತ್ತದೆ: ಕಮಿಟ್‌ಗೆ ಮೊದಲು ಆ ಪದ ಫೈಲಿನಲ್ಲಿ ಎಷ್ಟು ಸಲ ಇತ್ತು, ಆಮೇಲೆ ಎಷ್ಟು ಸಲ ಇದೆ? ಸಂಖ್ಯೆ ಬದಲಾಗಿದ್ದರೆ ಮಾತ್ರ ತೋರಿಸುತ್ತದೆ. `-ಜಿ` ಎಣಿಸುವುದಿಲ್ಲ, ಸೇರಿಸಿದ ಅಥವಾ ತೆಗೆದ ಸಾಲುಗಳಲ್ಲಿ ಪದ ಕಂಡರೆ ಸಾಕು.

`ಟೈಮ್‌ಔಟ್ = 30` ಎಂಬ ಸಾಲನ್ನು ಯಾರೋ `ಟೈಮ್‌ಔಟ್ = 60` ಮಾಡಿದ್ದಾರೆ ಎಂದಿಟ್ಟುಕೊಳ್ಳಿ. `-ಎಸ್'ಟೈಮ್‌ಔಟ್'` ಈ ಕಮಿಟ್ ತೋರಿಸುವುದಿಲ್ಲ: ಮೊದಲೂ ಒಂದು ಸಲ, ಆಮೇಲೂ ಒಂದು ಸಲ. `-ಜಿ'ಟೈಮ್‌ಔಟ್'` ತೋರಿಸುತ್ತದೆ. `-ಎಸ್'ಟೈಮ್‌ಔಟ್ = 30'` ಎಂದು ಪೂರ್ತಿ ಕೊಟ್ಟರೂ ಸಿಗುತ್ತದೆ, ಏಕೆಂದರೆ ಆ ಪೂರ್ತಿ ಪಠ್ಯದ ಎಣಿಕೆ ಒಂದರಿಂದ ಸೊನ್ನೆಗೆ ಇಳಿದಿದೆ. ಒಂದು ಹೆಸರು ಹುಟ್ಟಿದ್ದು, ಸತ್ತದ್ದು ಯಾವಾಗ ಎಂದು ತಿಳಿಯಲು `-ಎಸ್` ಚೊಕ್ಕವಾದ ಉತ್ತರ ಕೊಡುತ್ತದೆ. ಆ ಸಾಲನ್ನು ಮುಟ್ಟಿದವರೆಲ್ಲ ಯಾರು ಎಂದು ಕೇಳಬೇಕಾದರೆ `-ಜಿ`. ಇನ್ನೊಂದು ವ್ಯತ್ಯಾಸವಿದೆ: `-ಎಸ್` ಕೊಟ್ಟಿದ್ದನ್ನು ಅಕ್ಷರಶಃ ಹುಡುಕುತ್ತದೆ, `-ಜಿ`ಗೆ ಅದು ರೆಗ್ಯುಲರ್ ಎಕ್ಸ್‌ಪ್ರೆಶನ್, ಅಂದರೆ ಕೆಲವು ಚಿಹ್ನೆಗಳಿಗೆ ವಿಶೇಷ ಅರ್ಥವಿರುವ ಹುಡುಕಾಟದ ಮಾದರಿ. ಹಾಗಾಗಿ `-ಜಿ`ಗೆ ಬ್ರಾಕೆಟ್ ಕೊಡುವಾಗ ಮುಂದೆ ಬ್ಯಾಕ್‌ಸ್ಲ್ಯಾಷ್ ಬೇಕು. ಲಿನಕ್ಸ್, ಮ್ಯಾಕ್ ಶೆಲ್‌ಗಳಲ್ಲಿ ಯಾವಾಗಲೂ ಒಂಟಿ ಉದ್ಧರಣ ಚಿಹ್ನೆ ಬಳಸಿ. ಜೋಡಿ ಚಿಹ್ನೆಯೊಳಗೆ ಡಾಲರ್ ಗುರುತಿದ್ದರೆ ಶೆಲ್ ಅದನ್ನು ವೇರಿಯಬಲ್ ಎಂದುಕೊಂಡು ಬದಲಿಸಿಬಿಡುತ್ತದೆ.

ಮೊದಲ ಸುತ್ತಿಗೆ `--ಒನ್‌ಲೈನ್` (ಕಮಿಟ್‌ಗೆ ಒಂದೇ ಸಾಲು), ಪಟ್ಟಿ ಚಿಕ್ಕದಾದ ಮೇಲೆ `-ಪಿ` (ಬದಲಾದ ಸಾಲುಗಳ ಸಮೇತ). ತೀರಾ ಹಳೆಯ ಕಮಿಟ್ ಒಂದೇ ಬೇಕೆಂದು `--ರಿವರ್ಸ್ -1` ಹಾಕಿದರೆ ಹೊಸದೇ ಬರುತ್ತದೆ: ಗಿಟ್ ಮೊದಲು ಒಂದಕ್ಕೆ ಮಿತಿಗೊಳಿಸಿ, ಆಮೇಲೆ ತಿರುಗಿಸುತ್ತದೆ. `--ರಿವರ್ಸ್` ಮಾತ್ರ ಹಾಕಿ ಮೇಲಿನ ಸಾಲು ನೋಡಿ.

ಏನೂ ಬರಲಿಲ್ಲ ಎಂದ ಮಾತ್ರಕ್ಕೆ ಅದು ಎಂದೂ ಇರಲಿಲ್ಲ ಎಂದು ತೀರ್ಮಾನಿಸಬೇಡಿ. `ಗಿಟ್ ಲಾಗ್` ನಡೆಯುವುದು ನೀವೀಗ ನಿಂತಿರುವ ಬ್ರಾಂಚಿನ (ಇತಿಹಾಸದ ಒಂದು ಕವಲು) ಹಿಂದಕ್ಕೆ ಮಾತ್ರ; ಉಳಿದ ಬ್ರಾಂಚು, ಟ್ಯಾಗುಗಳಿಗೆ `--ಆಲ್` ಬೇಕು. ಅಳಿಸಿದ ಬ್ರಾಂಚಿನ ಕಮಿಟ್ `--ಆಲ್`ಗೂ ಸಿಗದು. ಅದು ನಿಮ್ಮ ಯಂತ್ರದಲ್ಲೇ ಇದ್ದದ್ದಾದರೆ `--ರೆಫ್‌ಲಾಗ್` (ಬ್ರಾಂಚುಗಳು ಯಾವಾಗ ಯಾವ ಕಮಿಟ್‌ನಲ್ಲಿದ್ದವು ಎಂದು ಗಿಟ್ ನಿಮ್ಮ ಯಂತ್ರದಲ್ಲಿ ಇಡುವ ದಾಖಲೆ) ಸೇರಿಸಿ ನೋಡಿ, ಆದರೆ ತಡಮಾಡಬೇಡಿ: ಯಾವ ಬ್ರಾಂಚಿಗೂ ಸೇರದ ಕಮಿಟ್‌ಗಳ ರೆಫ್‌ಲಾಗ್ ದಾಖಲೆಗೆ ಸಾಮಾನ್ಯವಾಗಿ 30 ದಿನದ ಆಯಸ್ಸು, ಉಳಿದವಕ್ಕೆ 90.

`--ಡೆಪ್ತ್ 1` ಹಾಕಿ ಕ್ಲೋನ್ ಮಾಡಿದ (ನಕಲು ಇಳಿಸಿಕೊಂಡ) ರೆಪೊದಲ್ಲಿ ಇತಿಹಾಸವೇ ಇಳಿದಿರುವುದಿಲ್ಲ. ಬಿಲ್ಡ್ ಸರ್ವರ್‌ಗಳಲ್ಲಿ ಇದು ಮಾಮೂಲು. `ಗಿಟ್ ಫೆಚ್ --ಅನ್‌ಶ್ಯಾಲೋ` ಕೊಟ್ಟು ಮತ್ತೆ ಹುಡುಕಿ. ಬ್ರಾಂಚುಗಳನ್ನು ಕೂಡಿಸುವ ಮರ್ಜ್ ಕಮಿಟ್‌ಗಳ ವ್ಯತ್ಯಾಸವನ್ನೂ ಲಾಗ್ ತಾನಾಗಿ ನೋಡುವುದಿಲ್ಲ. ಕಾನ್ಫ್ಲಿಕ್ಟ್ (ಎರಡು ಕಡೆಯ ಬದಲಾವಣೆಗಳ ಘರ್ಷಣೆ) ಬಿಡಿಸುವಾಗ ಕಳೆದುಹೋದ ಸಾಲನ್ನು ಹಿಡಿಯಲು `-ಎಂ -ಪಿ` ಬೇಕು.

ಅಳಿಸಿದ ಫೈಲಿನ ಹೆಸರನ್ನು ನೇರವಾಗಿ ಕೊಟ್ಟರೆ ಗಿಟ್ ಅದು ಬ್ರಾಂಚೋ ಫೈಲೋ ತಿಳಿಯದೆ ದೋಷ ತೋರಿಸುತ್ತದೆ. ಹೆಸರಿನ ಮುಂದೆ ಎರಡು ಹೈಫನ್, ಒಂದು ಜಾಗ ಬಿಡಿ: `ಗಿಟ್ ಲಾಗ್ --ಆಲ್ --ಫುಲ್-ಹಿಸ್ಟರಿ -- ಹಾದಿ` (‘ಹಾದಿ’ ಇರುವಲ್ಲಿ ಫೈಲಿನ ಹೆಸರು). `--ಫುಲ್-ಹಿಸ್ಟರಿ` ಇಲ್ಲದಿದ್ದರೆ, ಪಕ್ಕದ ಬ್ರಾಂಚಿನಲ್ಲಿ ಹುಟ್ಟಿ ಅಲ್ಲೇ ಅಳಿದ ಫೈಲನ್ನು ಗಿಟ್ ಬಿಟ್ಟುಹೋಗಬಹುದು. ಫೈಲನ್ನು ಮರಳಿ ನೋಡಲು `ಗಿಟ್ ಶೋ ಕಮಿಟ್~1:ಹಾದಿ`. ಅಳಿಸಿದ ಕಮಿಟ್‌ನಲ್ಲಿ ಫೈಲ್ ಆಗಲೇ ಇಲ್ಲ, ಅದರ ಹಿಂದಿನದರಲ್ಲಿ ಇದೆ, ಅದಕ್ಕೇ `~1`.

ಕೆಲವೊಮ್ಮೆ ಇತಿಹಾಸವೇ ಒಂದು ಕಡೆ ನಿಂತುಬಿಡುತ್ತದೆ. ಲಿನಕ್ಸ್ ಕರ್ನೆಲ್ಲಿನ ಮುಖ್ಯ ರೆಪೊ ಶುರುವಾಗುವುದು 2005ರ ಏಪ್ರಿಲ್‌ನಿಂದ, 2.6.12-ಆರ್‌ಸಿ2 ಆವೃತ್ತಿಯಿಂದ. ಹಳೆಯ ಸಾಲಿಗೆ `ಗಿಟ್ ಬ್ಲೇಮ್` (ಸಾಲನ್ನು ಕೊನೆಗೆ ಮುಟ್ಟಿದ ಕಮಿಟ್ ತೋರಿಸುವ ಕಮಾಂಡ್) ಓಡಿಸಿದರೆ ಲಿನಕ್ಸ್‌ನ ಜನಕ ಲೈನಸ್ ಟೋರ್ವಾಲ್ಡ್ಸ್ ಹೆಸರಿನ ಆ ಒಂದೇ ಕಮಿಟ್ ಕಾಣುತ್ತದೆ. ಅವರು ಅಂದು ಇಡೀ ಕೋಡನ್ನು ಗಿಟ್‌ಗೆ ತಂದರು ಎಂದಷ್ಟೇ ಅದರ ಅರ್ಥ, ಆ ಸಾಲನ್ನು ಬರೆದವರು ಅವರೇ ಎಂದಲ್ಲ.

ಅನುವಾದದ ಫೈಲುಗಳಲ್ಲಿ ಕನ್ನಡ ಪಠ್ಯ ಹುಡುಕುವವರಿಗೆ ಬೇರೆಯದೇ ತೊಡಕು. ಗಿಟ್ ಹೋಲಿಸುವುದು ಬೈಟುಗಳನ್ನು. ‘ಸಾಫ್ಟ್‌ವೇರ್’ ಪದದ ನಡುವೆ ಒತ್ತಕ್ಷರ ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಯೂನಿಕೋಡ್ ಅಕ್ಷರವೊಂದಿದೆ. ಫೈಲಿನಲ್ಲಿ ಅದಿದ್ದು ನಿಮ್ಮ ಹುಡುಕಾಟದಲ್ಲಿ ಇಲ್ಲದಿದ್ದರೆ ಹೊಂದುವುದಿಲ್ಲ. ‘ಕೊ’ದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಎರಡರ ಜೋಡಿಯಾಗಿಯೂ ಬರೆಯಬಹುದು, ತೆರೆಯ ಮೇಲೆ ಎರಡೂ ಒಂದೇ. ಇಂಥಲ್ಲಿ ಪೂರ್ತಿ ಪದ ಬಿಟ್ಟು ‘ಸಾಫ್ಟ್’ನಂಥ ತುಂಡನ್ನು ಹುಡುಕಿ. ಕನ್ನಡದ ಫೈಲ್ ಹೆಸರುಗಳ ಜಾಗದಲ್ಲಿ `\340\262\225` ಎಂಬಂತಹ ಅಂಕಿಗಳು ಬಂದರೆ ಗಾಬರಿ ಬೇಡ, ಅದು ‘ಕ’. `ಗಿಟ್ ಕಾನ್ಫಿಗ್ --ಗ್ಲೋಬಲ್ ಕೋರ್.ಕೋಟ್‌ಪಾತ್ ಫಾಲ್ಸ್` ಎಂದು ಒಮ್ಮೆ ಕೊಟ್ಟರೆ ಹೆಸರುಗಳು ಕನ್ನಡದಲ್ಲೇ ಕಾಣುತ್ತವೆ.