ಫೋರ್ಟ್ರಾನ್: ಆರನೇ ಕಾಲಂನ ಗುರುತು ಮತ್ತು ಆಂಪರ್ಸ್ಯಾಂಡ್

ಫೋರ್ಟ್ರಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಗಣಿತದ ಲೈಬ್ರರಿ ಲಾಪ್ಯಾಕ್‌ನ ಫೈಲ್ ತೆರೆದರೆ ಕೆಲವು ಸಾಲುಗಳ ತಲೆಯಲ್ಲಿ *, ಇನ್ನು ಕೆಲವದರಲ್ಲಿ ಸ್ವಲ್ಪ ಒಳಗೆ ಒಂಟಿ $ ಕಾಣುತ್ತದೆ. ಈ $ಗೂ ಲೆಕ್ಕಾಚಾರಕ್ಕೂ ಸಂಬಂಧವಿಲ್ಲ. ಅದು ಆರನೇ ಕಾಲಂನಲ್ಲಿ, ಅಂದರೆ ಸಾಲಿನ ಆರನೇ ಅಕ್ಷರದ ಜಾಗದಲ್ಲಿ ಕೂತಿದೆ, ಅಷ್ಟೇ. ಅಲ್ಲಿ ಖಾಲಿ ಜಾಗ ಅಥವಾ ಸೊನ್ನೆ ಬಿಟ್ಟು ಏನೇ ಇದ್ದರೂ ಆ ಸಾಲು ಹಿಂದಿನ ಸಾಲಿನ ಮುಂದುವರಿಕೆ. ಮೊದಲ ಕಾಲಂನಲ್ಲಿ ಸಿ (C) ಅಕ್ಷರವೋ * ಚಿಹ್ನೆಯೋ ಇದ್ದರೆ ಇಡೀ ಸಾಲು ಕಾಮೆಂಟ್, ಅಂದರೆ ಓದುವವರಿಗಾಗಿ ಬರೆದ, ಕಂಪ್ಯೂಟರ್ ಲೆಕ್ಕಿಸದ ಟಿಪ್ಪಣಿ.

ಇದು ಪಂಚ್ ಕಾರ್ಡ್ ಕಾಲದ ಫಿಕ್ಸ್‌ಡ್ ಫಾರ್ಮ್, ಅಂದರೆ ಯಾವುದು ಯಾವ ಕಾಲಂನಲ್ಲಿ ಇರಬೇಕೆಂದು ಗೊತ್ತುಮಾಡಿದ ಬರವಣಿಗೆಯ ರೂಪ. 1ರಿಂದ 5 ಲೇಬಲ್‌ಗೆ (ಆದೇಶವನ್ನು ಗುರುತಿಸುವ ಸಂಖ್ಯೆಗೆ), 7ರಿಂದ 72 ಆದೇಶಕ್ಕೆ. ಕಾರ್ಡ್‌ನಲ್ಲಿ 80 ಕಾಲಂ ಇದ್ದರೂ ಐಬಿಎಂ 704 ಕಂಪ್ಯೂಟರಿನ ಕಾರ್ಡ್ ರೀಡರ್ ಒಂದು ಅಡ್ಡಸಾಲನ್ನು 36 ಬಿಟ್‌ಗಳ ಎರಡು ವರ್ಡ್‌ಗಳಲ್ಲಿ ಓದುತ್ತಿತ್ತು, ಹಾಗಾಗಿ 72. ಉಳಿದ ಎಂಟರಲ್ಲಿ ಕಾರ್ಡ್‌ಗಳ ಕ್ರಮಸಂಖ್ಯೆ ಬರೆಯುತ್ತಿದ್ದರು. ಅಪಾಯ ಇರುವುದು ಇಲ್ಲೇ: 1000 ಎಂದು ಬರೆದಾಗ ಕೊನೆಯ ಎರಡು ಸೊನ್ನೆ 73, 74ಕ್ಕೆ ಜಾರಿದರೆ ಕಂಪೈಲರ್ (ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಂ) ಓದುವುದು 10. ತಪ್ಪೇನೂ ಇಲ್ಲವೆಂಬಂತೆ ಪ್ರೋಗ್ರಾಂ ಓಡಿಯೂ ಬಿಡಬಹುದು.

ಫೋರ್ಟ್ರಾನ್ 90ರಲ್ಲಿ ಕಾಲಂಗಳ ಈ ಕಟ್ಟಿಲ್ಲದ ಫ್ರೀ ಫಾರ್ಮ್ ಬಂತು. ಸಾಲು ಮುಂದುವರಿಯುವುದಿದ್ದರೆ ಕೊನೆಗೆ ಆಂಪರ್ಸ್ಯಾಂಡ್, ಅಂದರೆ &, ಕಾಮೆಂಟ್‌ಗೆ ! ಚಿಹ್ನೆ. & ಆದಮೇಲೆ ಅದೇ ಸಾಲಿನಲ್ಲಿ ! ಹಾಕಿ ಕಾಮೆಂಟ್ ಬರೆಯಬಹುದು. ಮುಂದುವರಿಕೆಯ ಸಾಲುಗಳ ನಡುವೆ ಬರೀ ಕಾಮೆಂಟ್ ಸಾಲನ್ನೂ ಇಡಬಹುದು. ಪೈಥಾನ್‌ನಲ್ಲಿ ಮುಂದುವರಿಕೆಯ \ ಆದಮೇಲೆ ಕಾಮೆಂಟಿನ # ಹಾಕಿ ಬೈಸಿಕೊಂಡವರಿಗೆ ಇದು ದೊಡ್ಡ ನೆಮ್ಮದಿ. ಆದರೆ ಕಾಮೆಂಟ್‌ನ ಒಳಗಿರುವ &ಗೆ ಯಾವ ಬೆಲೆಯೂ ಇಲ್ಲ. ಕಾಮೆಂಟನ್ನು ಮುಂದುವರಿಸಲು ಪ್ರತಿ ಸಾಲಿಗೂ ಹೊಸ ! ಬೇಕು.

ತೊಡಕು ಶುರುವಾಗುವುದು ಸ್ಟ್ರಿಂಗ್, ಅಂದರೆ ಉದ್ಧರಣ ಚಿಹ್ನೆಗಳೊಳಗಿನ ಪಠ್ಯ, ಎರಡು ಸಾಲಿಗೆ ಒಡೆದಾಗ. ಉದ್ಧರಣ ಚಿಹ್ನೆಗಳೊಳಗೆ ! ಬರೀ ಒಂದು ಅಕ್ಷರ, ಕಾಮೆಂಟ್ ಅಲ್ಲ. ಹಾಗಾಗಿ ಸ್ಟ್ರಿಂಗ್ ಮಧ್ಯದಲ್ಲಿ & ಹಾಕಿದಾಗ ಅದಾದಮೇಲೆ ಕಾಮೆಂಟ್ ಬರುವಂತಿಲ್ಲ, ಮುಂದಿನ ಸಾಲೂ &ನಿಂದಲೇ ಶುರುವಾಗಬೇಕು:

'ಒಟ್ಟು ಮೊ&
&ತ್ತ'

ಇದು 'ಒಟ್ಟು ಮೊತ್ತ' ಆಗುತ್ತದೆ. ಎರಡನೇ &ನ ಹಿಂದಿನ ಖಾಲಿ ಜಾಗ ಲೆಕ್ಕಕ್ಕಿಲ್ಲ, ಮೊದಲನೆಯದರ ಹಿಂದಿನದು ಲೆಕ್ಕಕ್ಕಿದೆ. ವೇರಿಯಬಲ್ ಹೆಸರನ್ನೋ ಸಂಖ್ಯೆಯನ್ನೋ ಮಧ್ಯದಲ್ಲಿ ತುಂಡರಿಸಿದರೂ ಎರಡೂ ಕಡೆ & ಬೇಕು. ತುಂಡರಿಸದಿರುವುದೇ ಒಳ್ಳೆಯದು.

ಫಿಕ್ಸ್‌ಡ್ ಫಾರ್ಮ್‌ನಲ್ಲೂ ! ಈಗ ಕಾಮೆಂಟೇ, ಆರನೇ ಕಾಲಂನಲ್ಲಿ ಹೊರತು. ಅಲ್ಲಿ ಬಿದ್ದರೆ ಅದೂ ಮುಂದುವರಿಕೆಯ ಗುರುತು!

ಎರಡೂ ರೂಪಗಳಲ್ಲಿ ಓಡಬೇಕಾದ ಕೋಡ್‌ಗೆ ಹಳಬರ ಒಂದು ಉಪಾಯವಿದೆ: ಒಡೆಯುವ ಸಾಲಿನ 73ನೇ ಕಾಲಂನಲ್ಲಿ ಒಂದು &, ಮುಂದಿನ ಸಾಲಿನ 6ನೇ ಕಾಲಂನಲ್ಲಿ ಇನ್ನೊಂದು. ಫಿಕ್ಸ್‌ಡ್ ಫಾರ್ಮ್ ಮೊದಲನೆಯದನ್ನು ನೋಡುವುದೇ ಇಲ್ಲ, ಎರಡನೆಯದನ್ನು ಮುಂದುವರಿಕೆ ಎಂದುಕೊಳ್ಳುತ್ತದೆ. ಫ್ರೀ ಫಾರ್ಮ್‌ಗೆ ಎರಡೂ ಸರಿಯಾದ &ಗಳೇ. ಕಾಮೆಂಟ್‌ಗೆ ಮಾತ್ರ ಸಿ, * ಬಿಟ್ಟು ! ಬಳಸಬೇಕು.