ಹಳ್ಳಿ ಚರ್ಚಿನ ಗೋಡೆ ಯಾರದ್ದು?

ಇಂಗ್ಲೆಂಡಿನ ಲೆಸ್ಟರ್‌ಶೈರ್‌ನಲ್ಲಿ ಬಾಟಿಸ್‌ಫರ್ಡ್ ಅಂತ ಒಂದು ಹಳ್ಳಿ. ಅಲ್ಲಿನ ಚರ್ಚಿನ ತುಂಬ ರಟ್ಲಂಡ್ ಅರ್ಲ್ (ಅರ್ಲ್ ಅಂದರೆ ಅಲ್ಲಿನ ದೊಡ್ಡ ಶ್ರೀಮಂತರ ಬಿರುದು) ಮನೆತನದ ಗೋರಿಗಳೇ. ಆರನೇ ಅರ್ಲ್ ಫ್ರಾನ್ಸಿಸ್ ಮ್ಯಾನರ್ಸ್ 1632ರಲ್ಲಿ ತೀರಿಕೊಂಡ. ಅವನ ಇಬ್ಬರು ಗಂಡುಮಕ್ಕಳು ಎಳವೆಯಲ್ಲೇ ಮಾಟದಿಂದ ಸತ್ತರು ಅಂತ ಅವನ ಸ್ಮಾರಕದ ಮೇಲೆ ಕೆತ್ತಿದ್ದಾರೆ. ಹೌದು, ಚರ್ಚಿನ ಒಳಗೇ! ಆರೋಪ ಬಿದ್ದದ್ದು ಅವನ ಕೋಟೆಯಲ್ಲಿ ಕೆಲಸಕ್ಕಿದ್ದ ಒಂದು ಬಡ ಕುಟುಂಬದ ಮೇಲೆ. ತಾಯಿ ಜೈಲಿಗೆ ಹೋಗುವ ದಾರಿಯಲ್ಲೇ ಸತ್ತಳು, ಇಬ್ಬರು ಹೆಣ್ಣುಮಕ್ಕಳನ್ನು 1619ರಲ್ಲಿ ಲಿಂಕನ್ ಊರಲ್ಲಿ ನೇಣಿಗೆ ಹಾಕಿದರು. ನಾನೂರು ವರ್ಷ ಕಳೆದರೂ ಆ ಕಲ್ಲು ಅರ್ಲ್ ಪರವಾಗಿ ಸಾಕ್ಷಿ ಹೇಳುತ್ತಲೇ ಇದೆ.

ದೇವರ ಮನೆಯ ಗೋಡೆ ಮೇಲೆ ತಮ್ಮ ಮನೆ ಕಥೆ ಬರೆಸುವ ಈ ಧೈರ್ಯ ಎಲ್ಲಿಂದ ಬಂತು?

ಕ್ಯಾಥೊಲಿಕ್ ಕಾಲದ ಕಲ್ಲು, ಹಿತ್ತಾಳೆ ಫಲಕಗಳು ಓದುವವರನ್ನು ಒಂದು ಮಾತು ಕೇಳುತ್ತಿದ್ದವು: ಇವರ ಆತ್ಮಕ್ಕಾಗಿ ಪ್ರಾರ್ಥಿಸಿ. ದುಡ್ಡಿದ್ದವರು ಜಮೀನು ಬಿಟ್ಟುಕೊಟ್ಟು, ಅದರ ಆದಾಯದಲ್ಲಿ ಪಾದ್ರಿ ಇಟ್ಟು, ತಮ್ಮ ಹೆಸರಲ್ಲಿ ಪ್ರಾರ್ಥನೆ ನಡೆಯುತ್ತಲೇ ಇರುವ ಹಾಗೆ ಏರ್ಪಾಟು ಮಾಡುತ್ತಿದ್ದರು. 1547ರಲ್ಲಿ ಆರನೇ ಎಡ್ವರ್ಡ್ ರಾಜನ ಪ್ರೊಟೆಸ್ಟಂಟ್ ಸರ್ಕಾರ ಇದನ್ನೆಲ್ಲ ರದ್ದು ಮಾಡಿ ಆಸ್ತಿಯನ್ನೂ ವಶಕ್ಕೆ ತೆಗೆದುಕೊಂಡಿತು. ಸತ್ತವರಿಗಾಗಿ ಪ್ರಾರ್ಥನೆ ಮಾಡುವುದು ಮೂಢನಂಬಿಕೆ ಅಂತಾಯಿತು. ಜನ ಫಲಕಗಳನ್ನು ಕಿತ್ತರು, ಒಡೆದರು. ಎಷ್ಟರಮಟ್ಟಿಗೆ ಅಂದರೆ 1560ರಲ್ಲಿ ಎಲಿಜಬೆತ್ ರಾಣಿಯೇ ಸ್ಮಾರಕಗಳನ್ನು ಕೆಡಿಸಬೇಡಿ ಅಂತ ಆಜ್ಞೆ ಹೊರಡಿಸಬೇಕಾಯಿತು. ಅವಳ ಚಿಂತೆ ಆತ್ಮದ್ದಲ್ಲ, ವಂಶದ್ದು: ಯಾರು ಯಾರ ಮಗ ಅನ್ನುವ ದಾಖಲೆ ಅಳಿಸಿ ಹೋಗುತ್ತದಲ್ಲ.

ನನ್ನ ಪ್ರಕಾರ ತಿರುವು ಇಲ್ಲೇ. ಪ್ರಾರ್ಥನೆ ಕೇಳುವ ಹಾಗಿಲ್ಲ ಅಂದ ಮೇಲೆ ಕಲ್ಲಿಗೆ ಉಳಿದದ್ದು ಹೊಗಳುವ ಕೆಲಸ. ಮುಂದಿನ ಇನ್ನೂರು ವರ್ಷದ ಗೋಡೆಗಳಲ್ಲಿ ನೋಡಿದರೆ ಎಲ್ಲರೂ ಒಳ್ಳೆಯ ಗಂಡ, ಎಲ್ಲರೂ ಬಡವರ ಬಂಧು. ಜಮೀನ್ದಾರನ ಹೆಣ ಚರ್ಚಿನ ನೆಲದಡಿ, ಹೆಸರು ಅಮೃತಶಿಲೆಯಲ್ಲಿ. ಅವನ ಹೊಲ ಉತ್ತವರು ಹೊರಗೆ ಮಣ್ಣಲ್ಲಿ, ಜಾಸ್ತಿ ಜನಕ್ಕೆ ಒಂದು ಕಲ್ಲೂ ಇಲ್ಲ.

ಆಮೇಲೆ ಹೊರದೇಶದ ದುಡ್ಡು ಬಂತು. ನಮ್ಮ ಊರಿನದ್ದೂ ಸೇರಿ. 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ದಂಡಿನ ಮುಖ್ಯಸ್ಥ ಜನರಲ್ ಜಾರ್ಜ್ ಹ್ಯಾರಿಸ್. ಅಲ್ಲಿ ಸಿಕ್ಕ ಲೂಟಿಯ ಪಾಲು ಹಿಡಿದು ಹೋಗಿ 1801ರಲ್ಲಿ ಕೆಂಟ್‌ನಲ್ಲಿ ಬೆಲ್ಮಾಂಟ್ ಬಂಗಲೆ ಕೊಂಡ. 1815ರಲ್ಲಿ ಅವನಿಗೆ ಸಿಕ್ಕ ಬ್ಯಾರನ್ ಬಿರುದಿನಲ್ಲೇ ಶ್ರೀರಂಗಪಟ್ಟಣವೂ ಇದೆ, ಮೈಸೂರೂ ಇದೆ. ಅವನ ಸ್ಮಾರಕ ಇರುವುದು ಪಕ್ಕದ ಥ್ರೋಲಿ ಹಳ್ಳಿಯ ಚರ್ಚಿನಲ್ಲಿ.

ಎಲ್ಲ ಕಲ್ಲೂ ಜಂಬದ್ದಲ್ಲ, ಬಿಡಿ. ಮೊದಲ ಮಹಾಯುದ್ಧದಲ್ಲಿ ಸತ್ತವರ ದೇಹ ಊರಿಗೆ ತರಬಾರದು ಅಂತ 1915ರಲ್ಲಿ ನಿಯಮ ಬಂತು. ಮಣ್ಣು ಮಾಡಲು ಮಗನೇ ಸಿಗದ ಅಪ್ಪ ಅಮ್ಮಂದಿರಿಗೆ ಊರ ಚರ್ಚಿನ ಗೋಡೆಯೇ ಗತಿಯಾಯಿತು. ಸಾಮರ್‌ಸೆಟ್‌ನ ಮೆಲ್ಸ್ ಹಳ್ಳಿಯಲ್ಲಿ 1917ರಲ್ಲಿ ಸತ್ತ ಎಡ್ವರ್ಡ್ ಹಾರ್ನರ್‌ನ ಸ್ಮಾರಕವಿದೆ, ಕುದುರೆ ಮೇಲೆ ಕೂತ ಹುಡುಗ. ಫ್ರಾನ್ಸಿನಲ್ಲಿ ಅವನ ಗೋರಿಯ ಮೇಲೆ ನೆಟ್ಟಿದ್ದ ಮರದ ಶಿಲುಬೆಯನ್ನೇ ತಂದು ಅದರ ಪೀಠಕ್ಕೆ ಜೋಡಿಸಿದ್ದಾರೆ.

ಈಗ ಹೊಸ ಫಲಕ ಹಾಕುವುದು ಸುಲಭವಲ್ಲ. ‘ಫ್ಯಾಕಲ್ಟಿ’ ಅನ್ನುವ ಅನುಮತಿಯನ್ನು ಚರ್ಚಿನದ್ದೇ ಕೋರ್ಟಿನಿಂದ ಪಡೆಯಬೇಕು, ಅದಕ್ಕೆ ಸತ್ತವರು ಏನಾದರೂ ಅಸಾಧಾರಣ ಕೆಲಸ ಮಾಡಿರಬೇಕು. ಹಳೆಯದನ್ನು ತೆಗೆಯಲೂ ಇದೇ ದಾರಿ. ಜಮೈಕಾದ ಗುಲಾಮರ ದಂಗೆ ಅಡಗಿಸಿದವನನ್ನು ಹೊಗಳುವ ಫಲಕ ಡಾರ್ಚೆಸ್ಟರ್ ಪಟ್ಟಣದ ಚರ್ಚಿನಲ್ಲಿತ್ತು, ಅದನ್ನು ತೆಗೆಯಲು ಒಪ್ಪಿಗೆ ಸಿಕ್ಕಿತು. ಗುಲಾಮರ ವ್ಯಾಪಾರದಲ್ಲಿ ದುಡ್ಡು ಹಾಕಿದ್ದ ಟೋಬಿಯಾಸ್ ರಸ್ಟಾಟ್‌ನ ಸ್ಮಾರಕವನ್ನು ಕೇಂಬ್ರಿಜ್‌ನ ಜೀಸಸ್ ಕಾಲೇಜಿನ ಚಾಪೆಲ್‌ನಿಂದ (ಕಾಲೇಜಿನದ್ದೇ ಪ್ರಾರ್ಥನಾ ಮಂದಿರ) ತೆಗೆಯಲು 2022ರಲ್ಲಿ ಒಪ್ಪಲಿಲ್ಲ.

ಇನ್ನೊಂದು ತಮಾಷೆ. ಕಾನೂನಿನ ಪ್ರಕಾರ ಇಂಥ ಸ್ಮಾರಕದ ಒಡೆಯರು ಚರ್ಚಿನವರಲ್ಲ, ಸತ್ತವರ ವಾರಸುದಾರರು. ಎಷ್ಟೋ ಮನೆತನಗಳು ಊರು ಬಿಟ್ಟು ತಲೆಮಾರುಗಳೇ ಕಳೆದಿವೆ. ಕಲ್ಲು ಸಡಿಲವಾದರೆ ಚಂದಾ ಎತ್ತಿ ಸರಿಮಾಡಿಸುವವರು ಮಾತ್ರ ಭಾನುವಾರ ಅಲ್ಲಿ ಬಂದು ಕೂರುವ ಹಳ್ಳಿಯವರೇ.