ಮಾರ್ಮನ್ ಲೇಖಕರ ಹಸ್ತಪ್ರತಿಯನ್ನು ಚರ್ಚ್ ಮೊದಲು ಓದುತ್ತದೆಯೇ?

ಪ್ರಶ್ನೆ: ಬ್ರ್ಯಾಂಡನ್ ಸ್ಯಾಂಡರ್ಸನ್, ಸ್ಟೆಫನಿ ಮೇಯರ್ ಇಬ್ಬರೂ ಮಾರ್ಮನ್ ಧರ್ಮದವರಂತೆ. ಅಷ್ಟು ಕಟ್ಟುನಿಟ್ಟಿನ ಧರ್ಮದಲ್ಲಿದ್ದುಕೊಂಡು ಮಾಟಮಂತ್ರ, ರಕ್ತ ಹೀರುವವರ ಕಥೆ ಬರೆಯಲು ಚರ್ಚಿನ ಒಪ್ಪಿಗೆ ಬೇಡವೇ? ಮನೆಯಲ್ಲಿ ಅವರ ಬದುಕು ಹೇಗಿರುತ್ತದೆ?

ಉತ್ತರ: ಒಪ್ಪಿಗೆ ಬೇಡ. ಲೇಖಕರು ಕೇಳುವುದಿಲ್ಲ, ಚರ್ಚ್ ಕೊಡುವುದೂ ಇಲ್ಲ. ಎಷ್ಟು ಸಲ ಉತ್ತರಿಸಿದರೂ ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಮತ್ತೆ ಬರುತ್ತಲೇ ಇದೆ. ಹಾಗಾಗಿ ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ.

ಜೊತೆಗೆ ಬಂದೇ ಬರುವ ಇನ್ನೊಂದು ಪ್ರಶ್ನೆಯನ್ನು ಇಲ್ಲೇ ಮುಗಿಸಿಬಿಡೋಣ. ಇಲ್ಲ, ಅವರಿಗೆ ಹಲವು ಹೆಂಡತಿಯರಿಲ್ಲ. ಮಾರ್ಮನ್ನರ ಚರ್ಚ್, ಅಂದರೆ ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ ಕೇಂದ್ರವಿರುವ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್, ಬಹುಪತ್ನಿತ್ವ ಕೈಬಿಡುವುದಾಗಿ 1890ರಲ್ಲಿ ಘೋಷಿಸಿತು. ಆಮೇಲೂ ಅಂಥ ಮದುವೆಗಳು ಪೂರ್ತಿ ನಿಲ್ಲದಿದ್ದಾಗ 1904ರಲ್ಲಿ ಇನ್ನಷ್ಟು ಬಿಗಿ ಮಾಡಿತು. ಇವತ್ತು ಎರಡನೇ ಹೆಂಡತಿಯನ್ನು ಮಾಡಿಕೊಂಡವರನ್ನು ಚರ್ಚಿನಿಂದ ಹೊರಹಾಕುತ್ತಾರೆ. ಸುದ್ದಿಯಲ್ಲಿ ನೀವು ನೋಡುವುದು ಬೇರೆಯಾಗಿ ಹೋದ ಪಂಗಡಗಳನ್ನು.

ಈಗ ಒಪ್ಪಿಗೆಯ ವಿಷಯ. ಚರ್ಚಿನಲ್ಲಿ ಹಸ್ತಪ್ರತಿ ಓದಬೇಕಾದವರು ಯಾರು ಎಂದು ಒಮ್ಮೆ ಯೋಚಿಸಿ. ನಮ್ಮ ವಿಳಾಸ ನೋಡಿ ಪಡಿತರ ಅಂಗಡಿ ಗೊತ್ತುಮಾಡುವ ಹಾಗೆ, ಮಾರ್ಮನ್ನರಲ್ಲಿ ಮನೆ ಎಲ್ಲಿದೆ ಎಂಬುದರ ಮೇಲೆ ವಾರ್ಡ್, ಅಂದರೆ ಸೇರಬೇಕಾದ ಸ್ಥಳೀಯ ಸಭೆ, ಗೊತ್ತಾಗುತ್ತದೆ. ಇಷ್ಟವಾದ ವಾರ್ಡ್ ಆರಿಸಿಕೊಳ್ಳುವಂತಿಲ್ಲ. ಆ ವಾರ್ಡಿನ ಮುಖ್ಯಸ್ಥನೇ ಬಿಷಪ್. ಅವನಿಗೆ ಸಂಬಳವಿಲ್ಲ, ಧರ್ಮಶಾಸ್ತ್ರದ ಪದವಿ ಇರಬೇಕೆಂದೂ ಇಲ್ಲ. ಹಗಲು ಹಲ್ಲಿನ ಡಾಕ್ಟರೋ ಲೆಕ್ಕಪರಿಶೋಧಕನೋ ಶಾಲೆಯ ಮೇಷ್ಟರೋ ಆಗಿರುವವನು ಸಂಜೆ, ಭಾನುವಾರ ಈ ಹೊಣೆ ಹೊರುತ್ತಾನೆ. ಸುಮಾರು ಐದು ವರ್ಷಕ್ಕೆ ಬಿಡುಗಡೆಯಾಗಿ ಮತ್ತೆ ಹಿಂದಿನ ಬೆಂಚಿಗೆ ಹೋಗಿ ಕೂರುತ್ತಾನೆ. ಕೆಲಸ ಹೋದವರಿಗೆ ದಿನಸಿ, ಮುರಿಯುತ್ತಿರುವ ಸಂಸಾರಗಳಿಗೆ ಸಲಹೆ, ಹರೆಯದವರ ತಂಟೆ, ಎಲ್ಲ ಅವನ ತಲೆಯ ಮೇಲೆ. ಸಾವಿರ ಪುಟದ ಫ್ಯಾಂಟಸಿ ಕಾದಂಬರಿ ಓದಿ ಮುದ್ರೆ ಒತ್ತುವ ಕೆಲಸ ಅವನದಲ್ಲ. ಅದನ್ನು ಯಾರೂ ಅವನಿಗೆ ಒಪ್ಪಿಸಿಲ್ಲ.

ಸದಸ್ಯರ ನಡತೆಯನ್ನು ವಿಚಾರಿಸುವ ಸಂದರ್ಭ ಒಂದಿದೆ, ನಿಜ. ಭಾನುವಾರದ ಸಭಾಭವನ ಯಾರಿಗೂ ತೆರೆದಿರುತ್ತದೆ, ವಿಶೇಷ ಧಾರ್ಮಿಕ ವಿಧಿಗಳು ನಡೆಯುವ ಟೆಂಪಲ್ ಬೇರೆ. ಅದರೊಳಗೆ ಹೋಗಲು ಚೀಟಿ ಬೇಕು, ಎರಡು ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕು. ಮೊದಲು ಬಿಷಪ್ ಕಡೆಯವರು, ಆಮೇಲೆ ಹಲವು ವಾರ್ಡ್‌ಗಳನ್ನು ನೋಡಿಕೊಳ್ಳುವ ಸ್ಟೇಕ್ ಕಡೆಯವರು, ಹೀಗೆ ಎರಡು ಸಂದರ್ಶನ. ಕೇಳುವ ಪ್ರಶ್ನೆಗಳು ಗುಟ್ಟೇನಲ್ಲ. 2019ರ ಅಕ್ಟೋಬರ್ ಮಹಾಸಭೆಯಲ್ಲಿ ಚರ್ಚಿನ ಅಂದಿನ ಅಧ್ಯಕ್ಷ ರಸೆಲ್ ನೆಲ್ಸನ್ ಎಲ್ಲರೆದುರು ಓದಿಯೇ ಬಿಟ್ಟರು. ನಂಬಿಕೆ, ಲೈಂಗಿಕ ಶಿಸ್ತು, ಪ್ರಾಮಾಣಿಕತೆ, ಆದಾಯದಲ್ಲಿ ಚರ್ಚಿಗೆ ಕೊಡುವ ದಶಾಂಶ, ಮದ್ಯ-ತಂಬಾಕು-ಕಾಫಿ-ಟೀ ವರ್ಜನೆ, ಮಕ್ಕಳ ಮತ್ತು ಮಾಜಿ ಸಂಗಾತಿಯ ಪೋಷಣೆಯ ಹಣ. ಏನು ಬರೆದಿರಿ, ಏನು ಚಿತ್ರಿಸಿದಿರಿ ಎಂಬ ಪ್ರಶ್ನೆ ಪಟ್ಟಿಯಲ್ಲಿಲ್ಲ. ಚರ್ಚಿನ ಬೋಧನೆಗೆ ವಿರುದ್ಧವಾದದ್ದನ್ನು ಬೆಂಬಲಿಸುತ್ತೀರಾ, ಪ್ರಚಾರ ಮಾಡುತ್ತೀರಾ ಎಂಬುದೊಂದಿದೆ. ಗಡಿ ಇರುವುದು ಅಲ್ಲಿ.

ಆ ಗಡಿ ದಾಟಿ ಪೆಟ್ಟು ತಿಂದವರೂ ಇದ್ದಾರೆ. ಸ್ಥಾಪಕ ಜೋಸೆಫ್ ಸ್ಮಿತ್‌ನ ಜೀವನಚರಿತ್ರೆ ಬರೆದ ಫಾನ್ ಬ್ರೋಡಿಯನ್ನು 1946ರಲ್ಲಿ ಹೊರಹಾಕಿದರು. 1993ರ ಸೆಪ್ಟೆಂಬರ್‌ನಲ್ಲಿ ಆರು ಮಂದಿ ಬರಹಗಾರರು, ವಿದ್ವಾಂಸರ ಮೇಲೆ ಶಿಸ್ತು ಕ್ರಮವಾಯಿತು. ಇವೆರಡನ್ನೂ ನಾನು ಸಣ್ಣ ಸಂಗತಿ ಎನ್ನುವುದಿಲ್ಲ. ಆದರೆ ಎರಡರಲ್ಲೂ ಜಗಳ ಚರ್ಚಿನ ಇತಿಹಾಸ ಮತ್ತು ಸಿದ್ಧಾಂತದ ಬಗ್ಗೆ, ಕ್ರಮ ಆದದ್ದು ಬರಹ ಅಚ್ಚಾದ ಮೇಲೆ. ಕಥೆಗಾರರಿಗೆ ಬಿಸಿ ತಟ್ಟುವುದು ಹೆಚ್ಚಾಗಿ ನೌಕರಿಯ ಕಡೆಯಿಂದ. ಚರ್ಚಿನದೇ ಆದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಬ್ರಯನ್ ಎವೆನ್ಸನ್ ಅವರ ಹಿಂಸೆ ತುಂಬಿದ ಕಥೆಗಳ ಬಗ್ಗೆ 1990ರ ದಶಕದ ಮಧ್ಯದಲ್ಲಿ ದೂರು ಹೋಯಿತು. ಅವರು ಆ ಕೆಲಸ ಬಿಟ್ಟರು, ಮುಂದೆ ಚರ್ಚನ್ನೂ ಬಿಟ್ಟರು. ಅಲ್ಲಿ ಸಂಬಳ ಕೊಡುವವರೇ ಚರ್ಚ್ ಆದದ್ದರಿಂದ ಲೆಕ್ಕ ಬೇರೆ. ಸ್ಯಾಂಡರ್ಸನ್ ಪುಸ್ತಕಗಳನ್ನು ಪ್ರಕಟಿಸುತ್ತಾ ಬಂದ ಟಾರ್ ಸಂಸ್ಥೆ ನ್ಯೂಯಾರ್ಕಿನದು. ಹಸ್ತಪ್ರತಿ ತಿದ್ದುವುದು ಅದರ ಸಂಪಾದಕರು.

ಹಾಗಾದರೆ ಈ ತಪ್ಪು ನಂಬಿಕೆ ಹುಟ್ಟಿದ್ದೆಲ್ಲಿ? ಚರ್ಚ್ ತನ್ನದೇ ಪ್ರಕಟಣೆಗಳನ್ನು ನಿಜಕ್ಕೂ ಸಾಲು ಸಾಲಾಗಿ ಪರಿಶೀಲಿಸುತ್ತದೆ. ಪಾಠಪುಸ್ತಕ, ಪತ್ರಿಕೆ, ಗೋಡೆಗೆ ಹಾಕುವ ಚಿತ್ರ ಎಲ್ಲಕ್ಕೂ ಸಮಿತಿಗಳಿವೆ. ಸಭಾಭವನದ ಮುಂಗೋಣೆಯಲ್ಲಿ ಯಾವ ಚಿತ್ರ ತೂಗಬಹುದು ಎಂಬುದಕ್ಕೆ 2020ರಲ್ಲಿ ಸೂಚನೆಯೇ ಹೊರಟಿತು. ಡೆಸರೆಟ್ ಬುಕ್ ಎಂಬ ಪ್ರಕಾಶನ ಮತ್ತು ಮಳಿಗೆಗಳ ಸರಪಳಿಯೂ ಚರ್ಚಿನ ಒಡೆತನದ್ದು. ತನಗೆ ಒಗ್ಗದ ಪುಸ್ತಕವನ್ನು ಅದು ಇಡುವುದಿಲ್ಲ. ಇದನ್ನು ನೋಡಿದ ಹೊರಗಿನವರು ಮಾರ್ಮನ್ ಬರೆದದ್ದೆಲ್ಲ ಇದೇ ಜರಡಿಯಲ್ಲಿ ಸೋಸಿ ಬರುತ್ತದೆ ಎಂದುಕೊಳ್ಳುತ್ತಾರೆ. ಚರ್ಚ್ ಹಣ ಕೊಟ್ಟು ಮಾಡಿಸಿದ್ದು ಬೇರೆ, ಸದಸ್ಯ ತಾನೇ ಬರೆದದ್ದು ಬೇರೆ. ಇಷ್ಟು ನೆನಪಿಟ್ಟುಕೊಂಡರೆ ಸಾಕು.

ಬರಹದ ಮೇಲೆ ನಿಜವಾಗಿ ಕಣ್ಣಿಡುವವರು ಅಕ್ಕಪಕ್ಕದ ಮನೆಯವರು. ಕಾದಂಬರಿಯಲ್ಲಿ ಹಸಿ ಶೃಂಗಾರ ಬರೆದ ಮಹಿಳೆ ಮುಂದಿನ ಭಾನುವಾರ ರಿಲೀಫ್ ಸೊಸೈಟಿ ಎಂಬ ಚರ್ಚಿನ ಮಹಿಳಾ ಸಂಘದ ತರಗತಿಯಲ್ಲಿ ಅದನ್ನು ಓದಿದವರ ಪಕ್ಕದಲ್ಲೇ ಕೂರಬೇಕು. ಅತ್ತೆಯೂ ಓದಿರುತ್ತಾರೆ. ಈ ಲೇಖಕರಲ್ಲಿ ಬಹಳ ಮಂದಿ ಮಲಗುವ ಕೋಣೆಯ ಬಾಗಿಲಲ್ಲೇ ದೃಶ್ಯ ನಿಲ್ಲಿಸುವುದರ ಹಿಂದೆ ಅವರ ಸ್ವಂತ ನಂಬಿಕೆಯ ಜೊತೆ ಈ ನೆರೆಹೊರೆಯೂ ಇದೆ. ಮೇಯರ್ ಅವರ ರಕ್ತಪಿಪಾಸು ನಾಯಕ ಮದುವೆಯಾಗುವ ತನಕ ಕಾಯುತ್ತಾನೆ. ಹಾಗೆ ಕಾಯಿಸಿ ಎಂದು ಅವರಿಗೆ ಚೀಟಿ ಬರೆದು ಕಳಿಸಿದವರಿಲ್ಲ.

ದಿನಚರಿಗೆ ಬರೋಣ. ಧರ್ಮದ ಬಿಗಿ ಇವರ ಕ್ಯಾಲೆಂಡರಿನಲ್ಲಿ ಎದ್ದು ಕಾಣುತ್ತದೆ. ಭಾನುವಾರ ಎರಡು ತಾಸು ಸಭೆ (2019ರವರೆಗೆ ಮೂರು ತಾಸಿತ್ತು). ಒಂದೇ ಕಟ್ಟಡವನ್ನು ಎರಡು ಮೂರು ವಾರ್ಡ್‌ಗಳು ಹಂಚಿಕೊಳ್ಳುವಲ್ಲಿ ಪ್ರತಿ ಜನವರಿಗೆ ಹೊತ್ತು ಅದಲುಬದಲಾಗುತ್ತದೆ. ಬೆಳಿಗ್ಗೆ ಒಂಬತ್ತಕ್ಕಿದ್ದದ್ದು ಮಧ್ಯಾಹ್ನಕ್ಕೆ ಹೋದರೆ ಎಳೆಮಕ್ಕಳ ನಿದ್ದೆಯೆಲ್ಲ ಏರುಪೇರು. ಆ ದಿನ ದುಡಿಮೆ, ವ್ಯಾಪಾರ ಬೇಡವೆಂಬುದು ಬೋಧನೆ. ಪುಸ್ತಕ ಮೇಳಗಳು ಸಾಮಾನ್ಯವಾಗಿ ಭಾನುವಾರಕ್ಕೇ ಮುಗಿಯುವುದರಿಂದ ಕೊನೆಯ ದಿನದ ಗೋಷ್ಠಿಗೆ ಹೋಗಬೇಕೋ ಬೇಡವೋ ಎಂಬುದನ್ನು ಲೇಖಕ ತಾನೇ ತೀರ್ಮಾನಿಸಬೇಕು. ತಿಂಗಳ ಮೊದಲ ಭಾನುವಾರ ಎರಡು ಊಟ ಬಿಟ್ಟು ಉಪವಾಸ, ಉಳಿದ ಹಣ ಬಡವರ ನಿಧಿಗೆ. ಸೋಮವಾರ ಸಂಜೆ ಮನೆಯವರದು. ಪಾಠ, ಹಾಡು, ಆಟ, ಏನಾದರೊಂದು ಸಿಹಿ. ಈ ರೂಢಿಗೆ 1915ರಲ್ಲೇ ಚರ್ಚ್ ಕರೆ ಕೊಟ್ಟಿತ್ತು. 1970ರಿಂದ ಸೋಮವಾರವೆಂದು ಗೊತ್ತುಮಾಡಿ, ಅಂದು ಚರ್ಚಿನ ಬೇರೆ ಕಾರ್ಯಕ್ರಮ ಇಡದಂತೆ ನೋಡಿಕೊಳ್ಳುತ್ತಾ ಬಂದಿದೆ. ವಾರದ ನಡುವೆ ಹರೆಯದ ಮಕ್ಕಳ ಕಾರ್ಯಕ್ರಮ. ಯೂಟಾದಿಂದ ಆಚೆ ಇರುವ ಹಲವರಿಗೆ ಶಾಲೆಗೆ ಮುಂಚೆ, ಬೆಳಗಿನ ಆರರ ಹೊತ್ತಿಗೆ, ಸೆಮಿನರಿ ಎಂಬ ಧರ್ಮಪಾಠದ ತರಗತಿ. ರಾತ್ರಿ ಎರಡರವರೆಗೆ ಚಿತ್ರ ಬರೆದ ಅಪ್ಪ ಐದೂವರೆಗೆ ಎದ್ದು ಕಾರು ತೆಗೆಯಬೇಕು, ಅದೂ ಕಾಫಿಯಿಲ್ಲದೆ. ಕೆಫೀನ್ ನಿಷೇಧವೆಂಬುದೂ ತಪ್ಪು ಕಲ್ಪನೆಯೇ. ಕಾಫಿ, ಟೀ ಕೂಡದು, ಕೋಲಾಕ್ಕೆ ಅಡ್ಡಿಯಿಲ್ಲ.

ಇವೆಲ್ಲದರ ಮೇಲೆ ವಾರ್ಡಿನಲ್ಲಿ ಸಂಬಳವಿಲ್ಲದ ಒಂದು ಹೊಣೆ. ಪಿಯಾನೋ ಬಲ್ಲವರು ಎಲ್ಲಿಗೆ ಮನೆ ಬದಲಿಸಿದರೂ ಪಿಯಾನೋ ತಪ್ಪುವುದು ಕಷ್ಟ. ಇಲ್ಲಿ ಎಡವಟ್ಟಾಗುವುದು ಹೇಗೆಂದರೆ, ಮನೆಯಿಂದಲೇ ದುಡಿಯುವ ಕಲಾವಿದರನ್ನು ಸದಾ ಬಿಡುವಾಗಿರುವವರೆಂದು ತಿಳಿದು ಹೊಣೆಯ ಮೇಲೆ ಹೊಣೆ ಹೊರಿಸುತ್ತಾರೆ. ಗಡುವಿನ ದಿನಾಂಕ, ದಿನದ ಕೆಲಸದ ಹೊತ್ತು ಎರಡನ್ನೂ ಬಿಷಪ್‌ಗೆ ಮೊದಲೇ ಬರೆದು ತಿಳಿಸಿದವರು ಬಚಾವಾಗುತ್ತಾರೆ. ಸ್ಯಾಂಡರ್ಸನ್ ಕಂಡುಕೊಂಡ ದಾರಿ ಇನ್ನೂ ಗಟ್ಟಿ: ಮಧ್ಯಾಹ್ನ ಒಂದು ಪಾಳಿ, ಮನೆ ಮಲಗಿದ ಮೇಲೆ ತಡರಾತ್ರಿ ಇನ್ನೊಂದು ಪಾಳಿ, ನಡುವಿನ ಸಂಜೆ ಹೆಂಡತಿ-ಮಕ್ಕಳಿಗೆ. ಕಾಲೇಜಿನಲ್ಲಿದ್ದಾಗ ಹೋಟೆಲಿನ ಮುಂಗಟ್ಟೆಯಲ್ಲಿ ರಾತ್ರಿ ಪಾಳಿ ಮಾಡುತ್ತಲೇ ಬರೆದವರಿಗೆ ರಾತ್ರಿ ಹೊಸದೇನಲ್ಲ.

ಈ ಬದುಕನ್ನು ಹತ್ತಿರದಿಂದ ನೋಡಬೇಕೆಂದರೆ ಮಿನರ್ವಾ ಟೈಕರ್ಟ್ ಎಂಬ ಚಿತ್ರಕಾರ್ತಿಯನ್ನು ನೋಡಬೇಕು (1888–1976). ಷಿಕಾಗೋ, ನ್ಯೂಯಾರ್ಕಿನಲ್ಲಿ ಕಲಿತು, ಹೆಸರಾಂತ ಗುರು ರಾಬರ್ಟ್ ಹೆನ್ರೈ ಅವರಿಂದ ಭೇಷ್ ಎನಿಸಿಕೊಂಡು ಬಂದವಳು ವಯೋಮಿಂಗ್‌ನ ಕೋಕ್‌ವಿಲ್ ಎಂಬ ಸಣ್ಣ ಊರಲ್ಲಿ ದನಕರುಗಳ ನಡುವೆ ಐದು ಮಕ್ಕಳನ್ನು ಸಾಕಿದಳು. ಸ್ಟುಡಿಯೋ ಇರಲಿಲ್ಲ. ಇಕ್ಕಟ್ಟಾದ ನಡುಮನೆಯ ಗೋಡೆಗೇ ಕ್ಯಾನ್ವಾಸ್ ಮೊಳೆ ಹೊಡೆದು, ಗೋಡೆ ಸಾಲದಿದ್ದರೆ ಮಡಚಿ, ಒಂದು ಭಾಗ ಮುಗಿಸಿ ಇನ್ನೊಂದನ್ನು ಬಿಚ್ಚುತ್ತಿದ್ದಳು. ಭಿತ್ತಿಚಿತ್ರವನ್ನು ಇಡಿಯಾಗಿ ನೋಡಲು ಹಿಂದೆ ಸರಿಯಲು ಜಾಗವಿಲ್ಲ. ಅದಕ್ಕೆ ದುರ್ಬೀನನ್ನು ತಿರುಗಿಸಿ ಹಿಡಿದು ನೋಡುತ್ತಿದ್ದಳು. ಆಗ ಎಲ್ಲ ಚಿಕ್ಕದಾಗಿ, ದೂರದಲ್ಲಿರುವಂತೆ ಕಾಣುತ್ತಿತ್ತು. ಮಕ್ಕಳ ಕಾಲೇಜು ಶುಲ್ಕಕ್ಕೆ ಬದಲಾಗಿ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯಕ್ಕೆ ಚಿತ್ರಗಳನ್ನೇ ಕೊಟ್ಟಳು. 1947ರಲ್ಲಿ ಯೂಟಾದ ಮ್ಯಾಂಟೈ ಟೆಂಪಲ್‌ನ ಒಂದು ಕೋಣೆಯ ಗೋಡೆಗಳನ್ನು ತುಂಬಿದಳು. 2021ರ ಮಾರ್ಚ್‌ನಲ್ಲಿ ಚರ್ಚ್ ನವೀಕರಣಕ್ಕಾಗಿ ಆ ಭಿತ್ತಿಚಿತ್ರಗಳನ್ನು ತೆಗೆಯುವುದಾಗಿ ಹೇಳಿದಾಗ ಸದಸ್ಯರೇ ದನಿಯೆತ್ತಿದರು. ಮೇ ತಿಂಗಳಲ್ಲಿ ನಿರ್ಧಾರ ಬದಲಾಗಿ ಚಿತ್ರಗಳು ಉಳಿದವು. ಚರ್ಚಿಗಾಗಿ ಮಾಡಿದ ಕಲೆಯ ಮೇಲೆ ಚರ್ಚಿಗೆ ಎಷ್ಟು ಅಧಿಕಾರ ಇರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಹಣದ ಮಾತನ್ನು ಪತ್ರ ಬರೆದವರು ಕೇಳಿಲ್ಲ, ಆದರೆ ಕಲಾವಿದರ ಮನೆಯಲ್ಲಿ ತಲೆಬಿಸಿ ಮಾಡುವುದು ಅದೇ. ಆದಾಯದ ಹತ್ತರಲ್ಲೊಂದು ಪಾಲು ದಶಾಂಶ. ತಿಂಗಳ ಸಂಬಳದವರಿಗೆ ಸುಲಭ; ರಾಯಧನದ ಮೇಲೆ ಬದುಕುವವರಿಗೆ ಹಣ ಬರುವುದೇ ವರ್ಷಕ್ಕೆ ಎರಡು ಸಲ. ಕಾದಂಬರಿಗೆ 20,000 ಡಾಲರ್ ಮುಂಗಡ ಸಿಕ್ಕಿತು ಎನ್ನಿ. ಏಜೆಂಟಿನ ಶೇ 15 ಕಳೆದರೆ ಕೈಗೆ 17,000, ಅದೂ ಎರಡು ಮೂರು ಕಂತಿನಲ್ಲಿ. ದಶಾಂಶ 1,700. ತೆರಿಗೆಗೆ ಮೊದಲೋ ಆಮೇಲೋ, ಬಣ್ಣ-ಕ್ಯಾನ್ವಾಸಿನ ಖರ್ಚು ಕಳೆಯಬೇಕೋ ಬೇಡವೋ? ಚರ್ಚ್ ಆದಾಯ ಎಂದಷ್ಟೇ ಹೇಳಿ ಉಳಿದದ್ದನ್ನು ಸದಸ್ಯರಿಗೆ ಬಿಟ್ಟಿದೆ. ವರ್ಷದ ಕೊನೆಯ ತಿಂಗಳುಗಳಲ್ಲಿ ಬಿಷಪ್ ಎದುರು ಪೂರ್ಣ ದಶಾಂಶ ಕೊಟ್ಟಿದ್ದೇನೆ ಎಂದೋ ಇಲ್ಲವೆಂದೋ ತಿಳಿಸಬೇಕು. ಲೆಕ್ಕದ ಪುಸ್ತಕ ಕೇಳುವುದಿಲ್ಲ. ಡಿಸೆಂಬರಿಗೆ ಮುಂದೂಡಿದರೆ ಅಷ್ಟರಲ್ಲಿ ಹಣ ಖರ್ಚಾಗಿರುತ್ತದೆ. ಆದ್ದರಿಂದ ಪ್ರತಿ ಕಂತು ಬಂದ ದಿನವೇ ಎತ್ತಿಡುವುದು ಕ್ಷೇಮ.

ಕೊನೆಗೆ, ಯೂಟಾದಿಂದ ಇಷ್ಟೊಂದು ಫ್ಯಾಂಟಸಿ ಲೇಖಕರು ಹೇಗೆ ಬಂದರು? ಇದರ ಉತ್ತರವನ್ನು ಧರ್ಮಗ್ರಂಥದಲ್ಲಿ ಹುಡುಕುವವರಿದ್ದಾರೆ. ನಾನು ಪಾಠದ ಕೋಣೆಯನ್ನು ತೋರಿಸುತ್ತೇನೆ. ಫ್ಯಾಂಟಸಿ ಲೇಖಕ ಡೇವಿಡ್ ಫಾರ್ಲಂಡ್ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ ಬರವಣಿಗೆ ಕಲಿಸಿದರು. ಸ್ಯಾಂಡರ್ಸನ್ ಅಲ್ಲಿ ಕಲಿತು, 2004ರಿಂದ ತಾವೇ ಆ ತರಗತಿ ತೆಗೆದುಕೊಂಡರು. 1983ರಿಂದ ಆ ವಿಶ್ವವಿದ್ಯಾಲಯವಿರುವ ಪ್ರೋವೋ ಊರಿನ ಸುತ್ತಮುತ್ತ ವೈಜ್ಞಾನಿಕ ಕಥೆ ಮತ್ತು ಫ್ಯಾಂಟಸಿ ಬರಹಗಾರರ ವಾರ್ಷಿಕ ಗೋಷ್ಠಿ ನಡೆಯುತ್ತಿದೆ. ಬರೆದದ್ದನ್ನು ವಾರವಾರ ಓದಿ ತಿದ್ದುವ ಗುಂಪುಗಳು ಅಲ್ಲಿ ಬೇಕಾದಷ್ಟಿವೆ. ಗುರು, ಗೋಷ್ಠಿ, ಗುಂಪು ಮೂರೂ ಒಂದೇ ಊರಲ್ಲಿ ನಲವತ್ತು ವರ್ಷ ಬಿಡದೆ ನಡೆದರೆ ಲೇಖಕರು ಹುಟ್ಟುತ್ತಾರೆ. ಸ್ಯಾಂಡರ್ಸನ್ ಅವರ 2020ರ ತರಗತಿಯ ಪಾಠಗಳು ಯೂಟ್ಯೂಬಿನಲ್ಲಿ ಉಚಿತವಾಗಿವೆ. ಕನ್ನಡದಲ್ಲಿ ಫ್ಯಾಂಟಸಿ ಬರೆಯುವ ಆಸೆ ಇರುವವರು ಮೊದಲ ಪಾಠದಿಂದಲೇ, ಪಕ್ಕದಲ್ಲಿ ಒಂದು ನೋಟ್ ಪುಸ್ತಕ ಇಟ್ಟುಕೊಂಡು ನೋಡಿ.